ಗಾಡಿಯವನ ಮಗಳು ಏನು ತಿನ್ನುತ್ತಾಳೆ

ಇಂದಿನ ವಾರ್ಷಿಕೋತ್ಸವದ ಅಧ್ಯಕ್ಷರೂ ನಮ್ಮ ಎಸ್‌ಡಿಎಂಸಿಯ ಹಿರಿಯರೂ ಆದ ಶ್ರೀರಾಮಪ್ಪನವರೇ, ಮುಖ್ಯೋಪಾಧ್ಯಾಯರಾದ ಉಮಾಶಂಕರ್ ಮೇಷ್ಟ್ರೇ, ಕೋಲಾರದಿಂದ ಬಿಡುವು ಮಾಡಿಕೊಂಡು ಬಂದಿರುವ ಡಾಕ್ಟರ್ ಶ್ಯಾಮಲಮ್ಮನವರೇ, ಶಿಕ್ಷಕ ಬಂಧುಗಳೇ, ಬಿಸಿಯೂಟದ ತಾಯಂದಿರೇ, ಬಣ್ಣದ ಬಟ್ಟೆ ಹಾಕಿಕೊಂಡು ನನ್ನ ಮಾತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ, ಒಂದಲ್ಲ ಒಂದು ಸಂಜೆ ನನ್ನ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತಿರುವ ಸಭಿಕರೇ,

ಮಕ್ಕಳ ಆಹಾರದಲ್ಲಿ ಪೋಷಕರ ಜವಾಬ್ದಾರಿ ಎಂಬ ವಿಷಯದ ಮೇಲೆ ಮಾತನಾಡಲು ಹೋಳೂರು ಸರ್ಕಲ್ಲಿನ ಫಾಸ್ಟ್ ಫುಡ್ ಗಾಡಿಯವನನ್ನು ಕರೆದಿದ್ದಾರೆ. ಮೇಷ್ಟ್ರು ಬಂದು ಕೇಳಿದಾಗ ನಾನು, "ಸಾರ್, ಅಡ್ರೆಸ್ ತಪ್ಪಿ ಬಂದಿದೀರ" ಎಂದೆ. ಅವರು ನಗಲಿಲ್ಲ. "ಡಾಕ್ಟರು ಹೇಳೋದನ್ನ ಎಲ್ಲರೂ ಕೇಳಿದಾರೆ ಮುನಿಕೃಷ್ಣ. ಗಾಡಿಯವರು ಹೇಳೋದನ್ನ ಯಾರೂ ಕೇಳಿಲ್ಲ" ಎಂದರು. ಹಾಗಾಗಿ ನಿಂತಿದ್ದೇನೆ. ಮೈಕಿನ ಮುಂದೆ ನಿಂತಿರುವುದು ಇದೇ ಮೊದಲು. ಬಾಣಲೆಯ ಮುಂದೆಯಾದರೆ ಹನ್ನೊಂದು ವರ್ಷ ನಿಂತಿದ್ದೇನೆ.

ನನ್ನನ್ನು ಅರಿಯದವರು ಇಲ್ಲಿ ಕಡಿಮೆ. ಆದರೂ ಹೇಳುತ್ತೇನೆ. ಮುಳಬಾಗಿಲು ಹೈವೇಯ ಒಂದು ಡಾಬಾದಲ್ಲಿ ಆರು ವರ್ಷ ಕೆಲಸ ಮಾಡಿ ಕೈ ಕುದುರಿಸಿಕೊಂಡವನು ನಾನು. ನರಸಾಪುರದಲ್ಲಿ ಫ್ಯಾಕ್ಟರಿಗಳು ಬಂದು, ಶಿಫ್ಟ್ ಮುಗಿಸಿದವರನ್ನು ಕಂಪನಿ ಬಸ್ಸುಗಳು ನಮ್ಮ ಸರ್ಕಲ್ಲಿನಲ್ಲಿ ಇಳಿಸತೊಡಗಿದಾಗ, ಊರಿಗೆ ಬಂದು ಗಾಡಿ ಹಾಕಿದೆ. ಗೋಬಿ, ನೂಡಲ್ಸ್, ಎಗ್ ರೈಸ್. ಇಳಿದವರು ಹಸಿದಿರುತ್ತಿದ್ದರು, ನಾನು ಬಿಸಿಯಾಗಿ ಕೊಡುತ್ತಿದ್ದೆ. ಅದರಲ್ಲಿ ತಪ್ಪೇನು? ಇಂದಿಗೂ ತಪ್ಪು ಎಂದು ನನಗೆ ಅನಿಸುವುದಿಲ್ಲ. ಗಾಡಿ ಹಾಕಿದ ಜಾಗದಿಂದ ಈ ಶಾಲೆಯ ಗೇಟು ಕಾಣುತ್ತದೆ ಎಂಬುದನ್ನು ಮಾತ್ರ ನಾನು ಬಹಳ ದಿನ ಯೋಚಿಸಲಿಲ್ಲ. ಇಲ್ಲ, ಸುಳ್ಳು ಹೇಳಬಾರದು. ಯೋಚಿಸಿದ್ದೆ. ಯೋಚಿಸಿಯೇ ಅಲ್ಲಿ ಹಾಕಿದೆ.

ಎರಡೂವರೆ ವರ್ಷದ ಹಿಂದಿನ ಒಂದು ಬೆಳಿಗ್ಗೆ ಭಾರತಮ್ಮ ಎಂಬ ತಾಯಿ ಮಗಳ ಕೈ ಹಿಡಿದುಕೊಂಡು ಗಾಡಿಯ ಹತ್ತಿರ ಬಂದರು. ನರಸಾಪುರದ ಒಂದು ಕಂಪನಿಯಲ್ಲಿ ಜನರಲ್ ಶಿಫ್ಟ್ ಕೆಲಸ ಅವರಿಗೆ. ಯಜಮಾನರು ಅಮರನಾಥ್, ಟೊಮೆಟೊ ಲಾರಿ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಒಬ್ಬಳೇ ಮಗಳು ಶ್ವೇತ, ಆಗ ಮೂರನೇ ತರಗತಿ. ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ, ತಾಯಿಯ ಬಸ್ಸು ಬರುವುದು ಆರೂ ಕಾಲಿಗೆ. ನಡುವಿನ ಆ ಎರಡು ಗಂಟೆ ಮಗು ಎಲ್ಲಿರಬೇಕು?

"ಅಣ್ಣ, ಇವಳು ಮನೇಲಿ ಒಬ್ಳೇ ಇರೋಕೆ ಹೆದರ್ತಾಳೆ. ನನ್ ಬಸ್ ಬರೋವರ್ಗೂ ನಿಮ್ ಗಾಡಿ ಹತ್ರ ಕೂತಿರ್ಲಾ? ಏನ್ ಕೇಳ್ತಾಳೋ ಕೊಡಿ, ಹಸ್ಕೊಂಡಿರೋದು ಬೇಡ" ಎಂದರು.

"ಅದಕ್ಕೇನಮ್ಮ, ನಮ್ ಮಗು ಇದ್ದಂಗೆ" ಎಂದೆ.

ಸಭಿಕರೇ, ಈ ಮಾತನ್ನು ನಾವೆಲ್ಲ ಎಷ್ಟು ಸುಲಭವಾಗಿ ಆಡುತ್ತೇವೆ. ನಮ್ಮ ಮಗು ಇದ್ದ ಹಾಗೆ.

ಶ್ವೇತ ಬಂದಳು. ಗ್ಯಾಸ್ ಸಿಲಿಂಡರಿನ ಪಕ್ಕದ ಸ್ಟೂಲು ಅವಳ ಜಾಗವಾಯಿತು. ಅಲ್ಲೇ ಹೋಂವರ್ಕ್, ಅಲ್ಲೇ ಮಗ್ಗಿ, ಅಲ್ಲೇ ಹಾಫ್ ಪ್ಲೇಟ್ ನೂಡಲ್ಸ್. ಕೆಲವು ದಿನ ಗೋಬಿ, ಕೆಲವು ದಿನ ಎರಡೂ. ನನ್ನನ್ನು ಮಾವ ಎಂದು ಕರೆಯುತ್ತಿದ್ದಳು. ಬಹಳ ಚುರುಕು ಹುಡುಗಿ. ಬಾಣಲೆಯ ವಾಸನೆ ಹಿಡಿದೇ, "ಮಾವ, ಇವತ್ತು ವಿನೆಗರ್ ಜಾಸ್ತಿ ಆಯ್ತು" ಎನ್ನುವಳು. ನಿಜವಾಗಿಯೂ ಜಾಸ್ತಿಯಾಗಿರುತ್ತಿತ್ತು. ಕೆಲವು ತಿಂಗಳಾದ ಮೇಲೆ ಒಂದು ದಿನ ಭಾರತಮ್ಮ ನಗುತ್ತಾ, "ನಿಮ್ ಕೈ ರುಚಿ ಹತ್ಬಿಟ್ಟಿದೆ ಅಣ್ಣ, ನಾನ್ ಮಾಡಿದ್ದು ಮುಟ್ಟಲ್ಲ ಇವಳು" ಎಂದರು. ಅದು ದೂರು ಎಂದು ನನಗೆ ಕೇಳಿಸಲೇ ಇಲ್ಲ. ಹೊಗಳಿಕೆ ಎಂದುಕೊಂಡೆ. ಆ ಸಂಜೆ ಮನೆಗೆ ಹೋಗಿ ನನ್ನ ಹೆಂಡತಿ ಸುನಂದಳಿಗೆ ಹೇಳಿಕೊಂಡು ಖುಷಿಪಟ್ಟೆ. ತಾಯಿಯ ಅಡುಗೆಯನ್ನು ನನ್ನ ಅಡುಗೆ ಸೋಲಿಸಿತು ಎಂದು ಹೆಮ್ಮೆಪಟ್ಟ ಮನುಷ್ಯ ನಿಮ್ಮ ಮುಂದೆ ನಿಂತಿದ್ದಾನೆ.

ಎರಡು ವರ್ಷ ಹೀಗೇ ನಡೆಯಿತು. ಶ್ವೇತ ಐದನೇ ತರಗತಿಗೆ ಬಂದಳು. ಮೈಕೈ ತುಂಬಿಕೊಂಡು ದುಂಡಗಾದಳು. ನೋಡಿದವರೆಲ್ಲ ಚೆನ್ನಾಗಿ ತಿನ್ನುವ ಮಗು ಎಂದರು. ಅವಳು ಶಾಲೆಯ ಬಿಸಿಯೂಟ ಬಿಟ್ಟಿದ್ದಾಳೆ, ಮೊಟ್ಟೆಯನ್ನು ಗೆಳತಿಯರಿಗೆ ಕೊಡುತ್ತಾಳೆ, ಮೇಷ್ಟ್ರು ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಂಪೌಂಡಿನ ಆಚೆ ಎಸೆಯುತ್ತಾಳೆ ಎಂಬುದು ಗೆಳತಿಯರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ನೂಡಲ್ಸ್ ಇದೆಯಲ್ಲ, ಅದಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುತ್ತಿದ್ದಳು.

ಕಳೆದ ಆಗಸ್ಟಿನ ಒಂದು ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಶ್ವೇತ ಸಾಲಿನಲ್ಲಿ ನಿಂತಿದ್ದವಳು ಹಾಗೇ ಕುಸಿದಳು. ಮೇಷ್ಟ್ರು ತಮ್ಮ ಸ್ಕೂಟರಿನಲ್ಲಿ ಇಲ್ಲಿನ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಕೋಲಾರಕ್ಕೆ. ರಕ್ತ ಪರೀಕ್ಷೆ ಮಾಡಿದರು. ಹನ್ನೆರಡರ ಹತ್ತಿರ ಇರಬೇಕಾದ ಹಿಮೋಗ್ಲೋಬಿನ್ ಐದೂ ಮುಕ್ಕಾಲು ಇತ್ತು. ಆ ಚೀಟಿಯನ್ನು ಓದಿದ ಡಾಕ್ಟರ್ ಶ್ಯಾಮಲಮ್ಮನವರು ಇಲ್ಲೇ ಕುಳಿತಿದ್ದಾರೆ. "ಹೊಟ್ಟೆ ತುಂಬ್ತಾ ಇತ್ತು, ಮೈಗೆ ಏನೂ ಸೇರ್ತಾ ಇರ್ಲಿಲ್ಲ. ಒಳಗಿಂದ ಬರಿದಾಗಿದಾಳೆ" ಎಂದು ಅವರು ಭಾರತಮ್ಮನಿಗೆ ಹೇಳಿದರಂತೆ. ಅಂದೇ ರಕ್ತ ಏರಿಸಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಹೃದಯಕ್ಕೆ ಹೊರೆಯಾಗುತ್ತಿತ್ತು ಎಂದೂ ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದೆ. ಹೋಗುವ ಮನಸ್ಸು ನನಗಿರಲಿಲ್ಲ, ಸುನಂದ ಕಳಿಸಿದಳು. ವಾರ್ಡಿನ ಹೊರಗೆ ಭಾರತಮ್ಮನ ತಮ್ಮ ಕಾಂತರಾಜ್ ನಿಂತಿದ್ದ. ನನ್ನನ್ನು ಕಂಡಕೂಡಲೇ ಅವನ ಮುಖ ಕೆಂಪಾಯಿತು.

"ಅಕ್ಕ, ಬಂದ ನೋಡು. ಇವನ ಗಾಡೀನ ಇವತ್ತೇ ಎತ್ತಿಸ್ತೀನಿ. ಪಂಚಾಯ್ತಿಗೂ ಹೋಗ್ತೀನಿ, ಆಫೀಸರ್‌ಗೂ ಬರೀತೀನಿ."

ಭಾರತಮ್ಮ ಬೆಂಚಿನ ಮೇಲೆ ಕುಳಿತಿದ್ದರು. ದನಿ ಏರಿಸದೆ ಹೇಳಿದರು. "ಸುಮ್ನಿರೋ ಕಾಂತ. ಅವ್ರೇನು ಇವಳನ್ನ ಮನೆಯಿಂದ ಎಳ್ಕೊಂಡ್ ಹೋಗಿ ತಿನ್ಸಿದ್ರಾ? ಕಳಿಸ್ದೋಳು ನಾನು. ಏನ್ ಕೇಳ್ತಾಳೋ ಕೊಡಿ ಅಂದೋಳು ನಾನು. ಮುದ್ದೆ ಬೇಡ ಅಂದಾಗ, ಸದ್ಯ ಒಂದು ಕೆಲ್ಸ ಉಳೀತು ಅನ್ಕೊಂಡು ಒಲೆ ಆರಿಸ್ದೋಳು ನಾನು. ಈ ಗಾಡಿ ಎತ್ತಿಸಿದ್ರೆ ನಾಳೆ ಇನ್ನೊಂದು ಬರುತ್ತೆ. ನನ್ನನ್ನ ಎಲ್ಲಿಂದ ಎತ್ತಿಸ್ತೀಯ?"

ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದೆ. ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಗೋಬಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದೇನೆ, ಲೈಸೆನ್ಸ್ ಇದೆ, ನಾನು ಯಾರನ್ನೂ ಕರೆದು ತಿನ್ನಿಸುವುದಿಲ್ಲ ಎಂಬ ಉತ್ತರಗಳು. ಅವುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಮಗಳು ಒಳಗೆ ಮಲಗಿರುವಾಗ, ಬೊಟ್ಟು ಮಾಡಲು ಎದುರಿಗೇ ಒಬ್ಬ ಮನುಷ್ಯ ಸಿಕ್ಕಿರುವಾಗ, ಆ ಬೆರಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಎಷ್ಟು ಜನರಿಂದ ಆಗುತ್ತದೆ? ನನ್ನ ವಯಸ್ಸು ನಲವತ್ತೆರಡು. ಅಂಥದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಆಮೇಲೆ ಅವರು ನನ್ನನ್ನು ಕೇಳಿದರು. "ಮುನಿಕೃಷ್ಣಣ್ಣ, ನಿಮ್ ಮಗಳು ಏನ್ ತಿಂತಾಳೆ?"

ನನ್ನ ಮಗಳು ವಾಣಿಶ್ರೀ ಇದೇ ಶಾಲೆಯಲ್ಲಿ ಓದುತ್ತಾಳೆ, ಶ್ವೇತಳಿಗಿಂತ ಒಂದು ತರಗತಿ ಮುಂದೆ. ಅವಳು ಶಾಲೆ ಬಿಟ್ಟ ಮೇಲೆ ಗಾಡಿಯ ಮುಂದೆಯೇ ನಡೆದು ಹೋಗುತ್ತಾಳೆ, ನಿಲ್ಲುವುದಿಲ್ಲ. ನಿಲ್ಲಬಾರದು ಎಂಬುದು ನನ್ನ ಕಟ್ಟಪ್ಪಣೆ. ಮನೆಯಲ್ಲಿ ನನ್ನ ತಾಯಿ ಮುನಿಯಲ್ಲಮ್ಮ ಮುದ್ದೆ ಕಟ್ಟಿಟ್ಟಿರುತ್ತಾರೆ. ಗಾಡಿಯ ಪದಾರ್ಥ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಉಳಿದರೂ ತರುತ್ತಿರಲಿಲ್ಲ. ಯಾಕೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಎಣ್ಣೆಯನ್ನು ಎಷ್ಟು ಸಲ ಕಾಯಿಸುತ್ತೇನೆ ಎಂದು ನನಗೆ ಗೊತ್ತಿತ್ತು, ಮೈದಾ ಎಷ್ಟು ಹೋಗುತ್ತದೆ, ಸಾಸ್ ಎಂಥದ್ದು ಎಂದು ಗೊತ್ತಿತ್ತು. ಅಷ್ಟೇ.

"ಮುದ್ದೆ ತಿಂತಾಳಮ್ಮ. ಸೊಪ್ಪು, ಹುರುಳಿ ಸಾರು. ವಾರಕ್ಕೊಂದ್ ಸಲ ಕೋಳಿ" ಎಂದೆ.

"ಗಾಡೀದು?"

"ಇಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ."

ಕಾಂತರಾಜ್ ಕೈ ಎತ್ತಿಯೇ ಬಿಟ್ಟಿದ್ದ. ಹೊಡೆದಿದ್ದರೆ ನಾನು ಹೊಡೆಸಿಕೊಳ್ಳುತ್ತಿದ್ದೆ. ಭಾರತಮ್ಮ ಅವನ ಮೊಣಕೈ ಹಿಡಿದುಕೊಂಡರು. ನನ್ನ ಕಡೆ ತಿರುಗಿದಾಗ ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಲೆಕ್ಕ ಮುಗಿಸಿದವರ ಹಾಗೆ ಕಂಡರು.

"ಹಂಗಾದ್ರೆ ಮಗೂನ ಹೆಂಗೆ ಸಾಕ್ಬೇಕು ಅಂತ ನಿಮಗೆ ಗೊತ್ತಿದೆ. ನನಗೆ ಗೊತ್ತಿದ್ದೂ ಮರೆತೋಯ್ತು. ಇನ್ಮೇಲೆ ಇವಳು ಗಾಡಿ ಹತ್ರ ಕೂರಲ್ಲ ಅಣ್ಣ, ನಿಮ್ಮನೇಲಿ ಕೂರ್ತಾಳೆ. ನಿಮ್ ಮಗಳಿಗೆ ಏನ್ ಹಾಕ್ತೀರೋ ಅದನ್ನೇ ಹಾಕಿ. ರಾಗಿ, ಬೇಳೆ ನಾನು ತಂದ್ಕೊಡ್ತೀನಿ. ಇಲ್ಲ ಅನ್ಬೇಡಿ."

ಸಭಿಕರೇ, ಗಾಡಿಯಿಂದ ನನ್ನ ಮನೆಗೆ ಇನ್ನೂರು ಹೆಜ್ಜೆ. ಎರಡು ವರ್ಷ ಆ ಮಗು ನನ್ನ ಪಕ್ಕದಲ್ಲಿ ಕುಳಿತಿತ್ತು. ಒಂದು ಸಂಜೆಯಾದರೂ "ಹೋಗಮ್ಮ, ವಾಣಿ ಜೊತೆ ಊಟ ಮಾಡು" ಎಂದು ನನ್ನ ಬಾಯಲ್ಲಿ ಬರಲಿಲ್ಲ. ಮನೆಗೆ ಬಂದು ವಿಷಯ ಹೇಳಿದಾಗ ಸುನಂದಳೂ ಅದನ್ನೇ ಕೇಳಿದಳು. "ಈ ಮಾತು ಆಯಮ್ಮನ ಬಾಯಲ್ಲೇ ಬರ್ಬೇಕಾಗಿತ್ತಾ?" ಎಂದಳು. ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ಶ್ವೇತ ನಮ್ಮ ಮನೆಗೆ ಬಂದಳು. ಮೊದಲ ಹತ್ತು ದಿನ ಹೇಗಿತ್ತು ಎಂದು ನನ್ನ ತಾಯಿಯನ್ನು ಕೇಳಬೇಕು. ಮುದ್ದೆಯನ್ನು ಕಂಡರೆ ಮುಖ ತಿರುಗಿಸುವಳು. ಸಾರಿನಲ್ಲಿರುವ ಸೊಪ್ಪನ್ನು ಎಳೆ ಎಳೆಯಾಗಿ ತೆಗೆದು ತಟ್ಟೆಯ ಅಂಚಿಗೆ ಒತ್ತುವಳು. ನಮ್ಮ ತಾಯಿಗೆ ತೆಲುಗೇ ಹತ್ತಿರ. "ತಿನು ತಲ್ಲಿ, ಒಕ್ಕ ಮುದ್ದ" ಎಂದು ಒಂದೇ ಒಂದು ತುತ್ತಿಗಾಗಿ ಗೋಗರೆಯುವರು. ವಾಣಿ ಮಾತ್ರ ಗೋಗರೆಯಲಿಲ್ಲ. "ಅಗೀಬೇಡ ಕಣೇ, ನುಂಗು. ಮುದ್ದೆ ಅಗಿಯೋದಲ್ಲ" ಎಂದು ಒಂದು ದಿನ ತೋರಿಸಿಕೊಟ್ಟಳು. ಮೂರು ವರ್ಷದ ಮಗುವಿಗೆ ಕಲಿಸುವುದನ್ನು ಹತ್ತು ವರ್ಷದ ಹುಡುಗಿ ಹೊಸದಾಗಿ ಕಲಿತಳು.

ಆರೂ ಕಾಲಿಗೆ ಬಸ್ಸಿಳಿದ ಭಾರತಮ್ಮ ನೇರ ನಮ್ಮ ಮನೆಗೆ ಬರುತ್ತಿದ್ದರು. ಕೈ ತೊಳೆದು ಮಗಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುವರು, ಅದೇ ಮುದ್ದೆ, ಅದೇ ಸಾರು. ಡಾಕ್ಟರಮ್ಮನವರು ತಾಯಿಯ ರಕ್ತವನ್ನೂ ಪರೀಕ್ಷಿಸಿ, ಅದೂ ಕಡಿಮೆ ಎಂದು ಕಂಡುಹಿಡಿದಿದ್ದರು. ಕಂಪನಿಯ ಹೊರಗೆ ಸಿಗುವ ಪಫ್ಸು, ಟೀಯಲ್ಲಿ ಅವರ ದಿನ ಕಳೆಯುತ್ತಿತ್ತು. ಈಗ ಊಟವಾದ ಮೇಲೆ ಇಬ್ಬರ ಮುಂದೆಯೂ ಒಂದೊಂದು ಮಾತ್ರೆ. "ಒಂದು, ಎರಡು, ಮೂರು" ಎಂದು ಎಣಿಸಿ ತಾಯಿ ಮಗಳು ಒಟ್ಟಿಗೆ ನುಂಗುವರು. ಸುನಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಾ ಒಂದು ದಿನ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಮರನಾಥ್ ಲಾರಿಯಿಂದ ಇಳಿದಾಗಲೆಲ್ಲ ಮಗಳಿಗೆ ಚಿಪ್ಸಿನ ಸರವನ್ನೇ ತರುತ್ತಿದ್ದವರು. "ಪ್ರೀತಿ ತೋರ್ಸೋಕೆ ಪ್ಯಾಕೆಟ್ಟೇ ಬೇಕಾ ನಿಮಗೆ?" ಎಂದು ಭಾರತಮ್ಮ ಕೇಳಿದ ಮೇಲೆ ಸೀಬೆಹಣ್ಣು ತರತೊಡಗಿದರು.

ಎಲ್ಲ ಸರಿಹೋಯಿತು ಎಂದುಕೊಂಡೆವು. ಹದಿನೇಳನೆಯ ದಿನ ಶ್ವೇತ ತಾಯಿಯ ಬ್ಯಾಗಿನಿಂದ ದುಡ್ಡು ತೆಗೆದುಕೊಂಡು ನನ್ನ ಗಾಡಿಯ ಮುಂದೆ ಬಂದು ನಿಂತಳು.

"ಮಾವ, ಹಾಫ್ ನೂಡಲ್ಸ್."

"ಬೇಡಮ್ಮ. ಮನೆಗೆ ಹೋಗು."

"ದುಡ್ಡು ತಂದಿದೀನಿ ಮಾವ."

"ದುಡ್ಡಿಗಲ್ಲಮ್ಮ. ನಿನಗೆ ಕೊಡಲ್ಲ."

ಪಕ್ಕದಲ್ಲಿ ಐದಾರು ಮಕ್ಕಳು ತಿನ್ನುತ್ತಿದ್ದರು, ಎಲ್ಲರೂ ಯೂನಿಫಾರಮ್ಮಿನಲ್ಲಿ. ಶ್ವೇತ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಇವ್ರಿಗೆಲ್ಲ ಕೊಟ್ಟಿದೀರಲ್ಲ ಮಾವ. ಇವ್ರಿಗೆ ಏನೂ ಆಗಲ್ವಾ?" ಎಂದಳು. ವ್ಯಂಗ್ಯವಲ್ಲ. ಹತ್ತು ವರ್ಷದ ಮಗು ನಿಜವಾಗಿ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ. ನನ್ನ ಕೈಯಲ್ಲಿ ಸೌಟು ಇತ್ತು.

ಆ ಕ್ಷಣವೇ ಒಲೆ ಆರಿಸಿದೆ ಎಂದು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ನಾನು ಆರಿಸಲಿಲ್ಲ. ಅವಳನ್ನು ಅಳಿಸಿ ಕಳಿಸಿದೆ, ಉಳಿದವರಿಗೆ ಬಡಿಸಿದೆ. ಮತ್ತೆ ಎಂಟು ದಿನ ಬಡಿಸಿದೆ.

ಕದ್ದ ವಿಷಯ ತಿಳಿದ ಸಂಜೆ ಭಾರತಮ್ಮ ಮಗಳಿಗೆ ಹೊಡೆಯುತ್ತಾರೆ ಎಂದು ನಾವೆಲ್ಲ ಹೆದರಿದ್ದೆವು. ಅವರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಬಾಚಿದರು, ಅಷ್ಟೇ. ನನಗೆ ಹೇಳಿದ್ದು ಇಷ್ಟು. "ಬೈಯೋಕೆ ನನಗೆ ಬಾಯಿಲ್ಲ ಅಣ್ಣ. ರುಚಿ ಹತ್ಸಿದೋಳು ನಾನು, ಬಿಡ್ಸೋದೂ ನಾನೇ. ಅವಳು ಹತ್ತು ಸಲ ಜಾರ್ಲಿ, ನಾನು ಹನ್ನೊಂದು ಸಲ ಹಿಡ್ಕೊತೀನಿ." ಇಡೀ ದಿನ ನಿಂತೇ ಕೆಲಸ ಮಾಡಿ ಬಂದ ಹೆಂಗಸು. ಎಲ್ಲಿಂದ ಬರುತ್ತದೆ ಇಂಥ ತಾಳ್ಮೆ? ನನಗೆ ಇನ್ನೂ ಗೊತ್ತಾಗಿಲ್ಲ.

ಒಂಬತ್ತನೆಯ ದಿನ ಗಾಡಿಗೆ ಬೋರ್ಡು ಬರೆಸಿದೆ. ಯೂನಿಫಾರಂ ಹಾಕಿದ ಮಕ್ಕಳಿಗೆ ಕೊಡುವುದಿಲ್ಲ, ಅಪ್ಪ ಅಮ್ಮನ ಜೊತೆ ಬಂದರೆ ಮಾತ್ರ ಎಂದು. ಎಣ್ಣೆಯನ್ನೂ ದಿನಕ್ಕೊಂದು ಸಲ ಬದಲಿಸತೊಡಗಿದೆ. ಊರು ಮೆಚ್ಚುತ್ತದೆ ಎಂದುಕೊಂಡಿದ್ದೆ. ಪೋಷಕರು ಜಗಳಕ್ಕೆ ಬಂದರು. ಮೂರನೇ ಸಾಲಿನಲ್ಲಿ ಕುಳಿತಿರುವ ವೆಂಕಟರಾಯಪ್ಪ ತಾತ ಕ್ಷಮಿಸಬೇಕು, "ನನ್ ಮೊಮ್ಮಗನಿಗೆ ಕೊಡಲ್ಲ ಅನ್ನೋಕೆ ನೀನ್ಯಾವನ್ಲಾ? ದುಡ್ಡು ನಂದು" ಎಂದು ಕೋಲು ಎತ್ತಿದ್ದರು. "ದುಡ್ಡು ನಿಮ್ದೇ ತಾತ, ಹೊಟ್ಟೆ ಅವನ್ದಲ್ವಾ" ಎಂದೆ. ಈಗ ನಗುತ್ತಿದ್ದಾರೆ. ಅಂದು ನಗಲಿಲ್ಲ.

ಇಷ್ಟೆಲ್ಲ ಮಾಡಿ ಮಕ್ಕಳು ತಿನ್ನುವುದು ನಿಂತಿತೇ? ಇಲ್ಲ. ಸರ್ಕಲ್ಲಿನ ಆಚೆ ಇನ್ನೊಂದು ಗಾಡಿ ಬಂದಿದೆ. ಅಂಗಡಿಗಳಲ್ಲಿ ಪ್ಯಾಕೆಟ್ಟುಗಳು ತೋರಣದ ಹಾಗೆ ನೇತಾಡುತ್ತಿವೆ. ಆ ಗಾಡಿಯವನನ್ನು ನಾನು ಬೈಯುವುದಿಲ್ಲ, ಅವನಿಗೂ ಮಕ್ಕಳಿದ್ದಾರೆ. ಅವನ ಮಕ್ಕಳು ಏನು ತಿನ್ನುತ್ತಾರೆ ಎಂದು ನೀವೇ ಒಮ್ಮೆ ಕೇಳಿ ನೋಡಿ. ಮಾರುವವರು ಇದ್ದೇ ಇರುತ್ತಾರೆ. ಬೇಡ ಎನ್ನುವ ಅಧಿಕಾರ ಇರುವುದು ನಿಮಗೆ ಮಾತ್ರ. ಬೇಡ ಎಂದ ಮೇಲೆ ಬೇಕಾದದ್ದನ್ನು ಬೇಯಿಸಿ, ಎದುರಿಗೆ ಕೂತು, ಅದನ್ನೇ ತಿನ್ನುವ ಕಷ್ಟವೂ ನಿಮ್ಮದೇ. ಸುಲಭ ಎಂದು ನಾನು ಹೇಳಲಾರೆ, ಕಣ್ಣಾರೆ ನೋಡಿದ್ದೇನೆ.

ಜನವರಿಯಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಹನ್ನೊಂದೂವರೆ ಬಂತು. ಡಾಕ್ಟರಮ್ಮನವರು ಚೀಟಿಯನ್ನು ಎರಡು ಸಲ ಓದಿದರಂತೆ. ಅಂದು ಸಂಜೆ ಶ್ವೇತ ನಮ್ಮ ತಾಯಿಯ ಮುಂದೆ ಎರಡೂ ಅಂಗೈ ಚಾಚಿ, "ಅಜ್ಜಿ, ನೋಡು, ಕೆಂಪಗಾಗಿದೆ" ಎಂದಳು. ನಾನೂ ಬಗ್ಗಿ ನೋಡಿದೆ. ಆಗಸ್ಟಿನಲ್ಲಿ ಸುಣ್ಣದ ಹಾಗಿದ್ದ ಬೆರಳ ತುದಿಗಳಲ್ಲಿ ರಕ್ತ ಓಡಾಡುತ್ತಿತ್ತು. ಒಂದು ಹಿಡಿ ರಾಗಿ, ಒಂದು ಕಟ್ಟು ಸೊಪ್ಪು, ಒಂದು ಮಾತ್ರೆ, ಎದುರಿಗೆ ಕೂತ ತಾಯಿ. ಇಷ್ಟರಿಂದ ಒಂದು ಮೈ ತನ್ನನ್ನು ತಾನು ಮತ್ತೆ ಕಟ್ಟಿಕೊಂಡಿತು. ನಾವು ದೊಡ್ಡವರು ಸೇರಿ ಎರಡು ವರ್ಷ ಕೆಡಿಸಿದ್ದನ್ನು ಆ ಪುಟ್ಟ ಮೈ ಐದು ತಿಂಗಳಲ್ಲಿ ತಿದ್ದಿಕೊಂಡು, ನಮ್ಮ ಮೇಲೆ ಒಂದು ದೂರನ್ನೂ ಹೇಳಲಿಲ್ಲ. ದೇವಸ್ಥಾನದಲ್ಲಿ ಕೈ ಮುಗಿಯುವಾಗಲೂ ನನಗೆ ಹಾಗೆ ಮೈ ಜುಮ್ಮೆಂದಿರಲಿಲ್ಲ.

ಇಂದು ಇಲ್ಲಿ ನಿಂತು ಮಾತನಾಡಬೇಕಾಗಿದ್ದವರು ಭಾರತಮ್ಮ. ಕೇಳಿದೆ, ಶಿಫ್ಟ್ ಇದೆ ಎಂದರು. ಹಾಗಾದರೆ ನಿಮ್ಮ ಹೆಸರು ಎತ್ತದೆ, ಯಾರೋ ಒಬ್ಬರು ತಾಯಿ ಎಂದು ಹೇಳುತ್ತೇನೆ ಎಂದೆ. ಬಸ್ಸು ಹತ್ತುತ್ತಿದ್ದವರು ಒಂದು ಕಾಲನ್ನು ಕೆಳಗೆ ಇಟ್ಟರು.

"ಯಾರೋ ಅಂದ್ರೆ, ಕೂತೋರೆಲ್ಲ ಅದು ಪಕ್ಕದ ಮನೆಯೋರು ಅನ್ಕೊತಾರೆ ಅಣ್ಣ. ನನ್ ಹೆಸರು ಹೇಳಿ. ಊರು ಹೇಳಿ. ಶ್ವೇತನ್ನೂ ಕೇಳಿದೀನಿ, ಹೇಳ್ಲಿ ಬಿಡಮ್ಮ ಅಂದ್ಲು" ಎಂದರು. ಬಸ್ಸು ಹೋಯಿತು.

ಅದಕ್ಕೇ ಅವರ ಹೆಸರು ಹೇಳಿದ್ದೇನೆ. ಅವರು ಹೇಳಿಸಿದ ಮೇಲೆ ನಾನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲ. ತನ್ನ ಮಗಳಿಗೆ ಕೊಡದ್ದನ್ನು, ಗೊತ್ತಿದ್ದೂ ಗೊತ್ತಿದ್ದೂ, ಎರಡು ವರ್ಷ ಇನ್ನೊಬ್ಬರ ಮಗಳಿಗೆ ಬಡಿಸಿದವನು ಹೋಳೂರಿನ ಮುನಿಕೃಷ್ಣ. ಇದನ್ನು ಈ ಮೈಕಿನಲ್ಲಿ, ನನ್ನ ಮಗಳು ಕುಳಿತಿರುವ ಈ ಸಭೆಯಲ್ಲಿ ಹೇಳುತ್ತಿದ್ದೇನೆ.

ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ್ದಕ್ಕೆ, ಗಾಡಿಯವನಿಗೂ ಒಂದು ಕುರ್ಚಿ ಕೊಟ್ಟಿದ್ದಕ್ಕೆ ನಿಮಗೆಲ್ಲ ಕೃತಜ್ಞ. ಡಾಕ್ಟರಮ್ಮನವರಿಗೆ ವಿಶೇಷವಾಗಿ. ಮಕ್ಕಳ ಡಾನ್ಸಿಗೆ ತಡವಾಯಿತು, ಅವರ ಕ್ಷಮೆ ಕೇಳಿ ಇಳಿಯುತ್ತೇನೆ. ನಮಸ್ಕಾರ.